ಗೇಟಿನಾಚೆ ನಾನು, ಒಳಗೆ ಅಪ್ಪ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ದಿನ ಅಪ್ಪ ನನ್ನನ್ನು ನೋಡಲು ನನ್ನ ಗಂಡನ ಮನೆಯಿರುವ ಸಾಗರಕ್ಕೆ ಹೊರಟವರು, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಯಾರ ಜೊತೆಗೋ ಹರಟುತ್ತಾ ಬೇರೆ ಬಸ್ಸು ಹತ್ತಿ ಮೇಳಿಗೆಯಲ್ಲಿ ಇಳಿದರಂತೆ. ಸುದ್ದಿ ಕೇಳಿದ್ದೇ ತಡ, ಇನ್ನು ಮೇಲೆ ಒಬ್ಬರೇ ಓಡಾಡಕೂಡದು ಎಂದು ಫೋನಿನಲ್ಲೇ ಅಪ್ಪಣೆ ಹೊರಡಿಸಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ದಾರಿಯಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದ ಮನುಷ್ಯನಿಗೆ! ಅಪ್ಪ ಜಗಳಕ್ಕೆ ಬರಲಿಲ್ಲ. ಮುಂದಿನ ವಾರ ಬೆಂಗಳೂರಿಗೆ ಹೋಗುವುದಿದೆಯಲ್ಲ, ಅಲ್ಲಿಯೂ ದಾರಿ ತಪ್ಪಿದರೆ ನೀನು ಹೇಳಿದಂತೆ ಮನೆಯಲ್ಲೇ ಕೂರುತ್ತೇನೆ ಎಂದರು. ದನಿ ಸಣ್ಣದಾಗಿದ್ದು ನನಗೂ ಗೊತ್ತಾಯಿತು, ಆದರೂ ಬಿಡಲಿಲ್ಲ.

ಬೆಂಗಳೂರಿನ ಜಯನಗರದಲ್ಲಿ ನೆಂಟರ ಗೃಹಪ್ರವೇಶ. ನಾನೂ ಅಪ್ಪನೂ ಉಳಿದಿದ್ದು ವಿಜಯನಗರದ ಸೋದರತ್ತೆಯ ಮನೆಯಲ್ಲಿ. ಅತ್ತೆ ಇಬ್ಬರಿಗೂ ಒಂದೊಂದು ಮೆಟ್ರೊ ಕಾರ್ಡು ಕೊಟ್ಟು, ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಾಯಿಸಿ ಎಂದಷ್ಟೇ ಹೇಳಿದರು. ಅಪ್ಪನ ಫೋನು ಎಲ್ಲಾದರೂ ಬಿದ್ದೀತೆಂದು ನಾನೇ ನನ್ನ ಬ್ಯಾಗಿಗೆ ಹಾಕಿಕೊಂಡೆ. ಗೇಟಿನ ಮೇಲೆ ಕಾರ್ಡು ಹೇಗೆ ಇಡಬೇಕೆಂದು ಎರಡೆರಡು ಸಲ ಪಾಠ ಮಾಡಿದೆ. ಅಜ್ಜಿಗೆ ಮೊಮ್ಮಗ ಕೆಮ್ಮು ಕಲಿಸಿದನಂತೆ, ಹಾಗೆ.

ಮೆಜೆಸ್ಟಿಕ್ಕಿನಲ್ಲಿ ಇಳಿದವಳೇ ಜನರ ಹಿಂದೆ ಮೆಟ್ಟಿಲು ಹತ್ತಿ ಸೀದಾ ಗೇಟಿಗೆ ಹೋದೆ. ಸಾಗರದಿಂದ ತವರಿಗೆ ಹೋಗುವಾಗಲೆಲ್ಲ ಹೊಸನಗರದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಇನ್ನೊಂದು ಟಿಕೇಟು ತೆಗೆಸಿ ರೂಢಿ. ಗಾಡಿ ಬದಲಾದರೆ ಟಿಕೇಟೂ ಬದಲು. ನಮ್ಮ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಂದಿನಿಂದ ಅಪ್ಪ ಏನೋ ಕೂಗಿದರು. ಬೇಗ ಬನ್ನಿ ಎನ್ನುತ್ತಾ ಕಾರ್ಡು ತೋರಿಸಿ ದಾಟಿಯೇಬಿಟ್ಟೆ. ತಿರುಗಿ ನೋಡಿದರೆ ಅಪ್ಪ ಒಳಗೇ ನಿಂತಿದ್ದಾರೆ.

"ಯಾಕೆ ದಾಟಿದ್ಯೇ? ಎರಡು ಗಾಡಿಗೂ ಯಜಮಾನ ಒಬ್ಬನೇ ಅಲ್ವಾ?" ಎಂದರು. "ಹತ್ತಿದ್ದೆಲ್ಲಿ, ಇಳಿಯೋದೆಲ್ಲಿ, ಅಷ್ಟೇ ಲೆಕ್ಕ. ನಡುವೆ ಗಾಡಿ ಬದಲಾಯ್ಸಿದ್ರೆ ಟಿಕೇಟು ಯಾಕೆ ಬದಲಾಯ್ಸ್ಬೇಕು?"

ಅಪ್ಪ ಕಂಡಕ್ಟರಾಗಿದ್ದ ಕಾಲದಲ್ಲಿ ಅವರ ಖಾಸಗಿ ಬಸ್ಸಿನ ಯಜಮಾನರಿಗೆ ಎರಡು ಬಸ್ಸಿದ್ದವು. ತೀರ್ಥಹಳ್ಳಿಯಲ್ಲಿ ಹತ್ತಿದವರಿಗೆ ಸಾಗರದವರೆಗೂ ಒಂದೇ ಟಿಕೇಟು ಹರಿದು, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ಕೊಡುತ್ತಿದ್ದರಂತೆ. ಹೊಸನಗರದಲ್ಲಿ ಬಸ್ಸು ಬದಲಾದಾಗ ಆ ಗೀಟು ನೋಡಿ ಮುಂದಿನ ಕಂಡಕ್ಟರ್ ಮತ್ತೆ ದುಡ್ಡು ಕೇಳುತ್ತಿರಲಿಲ್ಲ. ಇದೆಲ್ಲ ಅಪ್ಪ ಆಮೇಲೆ ಹೇಳಿದ್ದು. ಆಗಂತೂ, ನೀನು ಸುತ್ತಿ ಬಾ, ನಾನು ಜಯನಗರದಲ್ಲಿ ಇರುತ್ತೇನೆ ಎಂದು ಕೈಯೆತ್ತಿ, ಜಯನಗರಕ್ಕೆ ಹೋಗುವ ಹಸಿರು ಮಾರ್ಗದ ಬಾಣದ ಗುರುತು ನೋಡಿಕೊಂಡು ಕೆಳಗಿಳಿದು ಹೋದರು.

ಗಾಬರಿಯಲ್ಲಿ ಅಪ್ಪನಿಗೆ ಫೋನು ಮಾಡಿದರೆ ನನ್ನ ಬ್ಯಾಗೇ ರಿಂಗಾಯಿತು. ಮತ್ತೆ ಸಾಲು, ಮತ್ತೆ ಬ್ಯಾಗಿನ ತಪಾಸಣೆ, ಮತ್ತೆ ಕಾರ್ಡು. ಗಡಿಬಿಡಿಯಲ್ಲಿ ಎದುರು ದಿಕ್ಕಿನ ರೈಲು ಹತ್ತಿ, ಒಂದು ನಿಲ್ದಾಣ ಹೋಗಿ ವಾಪಸು ಬಂದೆ. ಅಪ್ಪನನ್ನು ಕಳೆದುಕೊಂಡೆ ಎಂದು ಊರಲ್ಲಿರುವ ತಮ್ಮನಿಗೆ ಯಾವ ಬಾಯಲ್ಲಿ ಹೇಳಲಿ? ಪ್ರತಿ ನಿಲ್ದಾಣದಲ್ಲೂ ಬಾಗಿಲಿಗೆ ಬಂದು ಬಗ್ಗಿ ನೋಡಿದೆ.

ಜಯನಗರದಲ್ಲಿ ಅಪ್ಪ ಗೇಟಿನ ಒಳಬದಿಯಲ್ಲೇ ನಿಂತು, ಯಾರೋ ಹೆಂಗಸಿಗೆ ದಾರಿ ಹೇಳುತ್ತಿದ್ದರು. ಮೆಜೆಸ್ಟಿಕ್ಕಿನಲ್ಲಿ ಹೊರಗೆ ಹೋಗಬೇಡಿ, ಒಳಗೊಳಗೇ ರೈಲು ಬದಲಾಯಿಸಿ, ಸುಮ್ಮನೆ ಎರಡು ಸಲ ದುಡ್ಡು ದಂಡ ಎಂದು. ಕಂಕುಳಲ್ಲಿ ಚರ್ಮದ ಚೀಲವೊಂದಿಲ್ಲ ಅನ್ನುವುದು ಬಿಟ್ಟರೆ ಪಕ್ಕಾ ಕಂಡಕ್ಟರ್. ಅಳು ಬರುವಷ್ಟು ಹೆಮ್ಮೆಯಾಯಿತು ನನಗೆ. ಇವರು ನನ್ನಪ್ಪ ಎಂದು, ಆ ಹೆಂಗಸು ಕೇಳದಿದ್ದರೂ ಹೇಳಿದೆ.

ಇಬ್ಬರೂ ಕಾರ್ಡು ತೋರಿಸಿ ಹೊರಬಂದೆವು. ಗೇಟು ನನ್ನದನ್ನು ಎರಡು ಪ್ರಯಾಣವೆಂದು ಹಿಡಿದು, ನನ್ನ ಕಾರ್ಡಿನಿಂದ ಅಪ್ಪನದಕ್ಕಿಂತ ಹೆಚ್ಚೇ ದುಡ್ಡು ಮುರಿದುಕೊಂಡಿತ್ತು. ಅಪ್ಪ ನಗಲಿಲ್ಲ. ನನ್ನ ಬ್ಯಾಗಿಗೆ ಕೈಹಾಕಿ ತಮ್ಮ ಫೋನನ್ನು ತೆಗೆದು ಜೇಬಿಗೆ ಇಳಿಸಿದರು.

"ಮಗಾ, ಈ ಊರಲ್ಲಿ ನೀ ಒಬ್ಳೇ ಓಡಾಡ್ಬೇಡ. ನನ್ ಜೊತೆಗೇ ಇರು."

ಆಯ್ತಪ್ಪ ಎಂದು ಅವರ ಹಿಂದೆ ನಡೆದೆ. ಮರುವಾರ ಅಪ್ಪ ಒಬ್ಬರೇ ಸಾಗರಕ್ಕೆ ಹೊರಟರು. ಅವರು ದಾರಿಯಲ್ಲಿದ್ದಾಗ ನಾನು ಒಂದು ಸಲವೂ ಫೋನು ಮಾಡಲಿಲ್ಲ.