ಟ್ರಾಲಿಗೂ ಸಿಹಿನೀರು

ಕಳೆದ ಭಾನುವಾರ ನಾನು ರೈಲು ಹತ್ತಿದೆ. ಟಿಕೆಟ್ ಇಲ್ಲ, ಸ್ಟೇಷನ್ ಇಲ್ಲ. ಡ್ರೈವರ್ ನಮ್ಮ ದೊಡ್ಡಪ್ಪ!

(ಪೂರ್ತಿ ರೈಲೇನಲ್ಲ. ತಾಳಿ, ಹೇಳುತ್ತೇನೆ.)

ದೊಡ್ಡಪ್ಪ ಅಂದರೆ ನನ್ನ ಗಂಡನ ದೊಡ್ಡಪ್ಪ. ತಮಿಳು ಸೀಮೆಯ ಪೆರಿಯನಾಯಕನಪಾಳ್ಯದಲ್ಲಿ ನೆಲೆಸಿದ ಕನ್ನಡ ನೇಕಾರರ ಮನೆಯವರು, ಮಿಲ್ಲಿನಲ್ಲಿ ಫಿಟರ್ ಆಗಿ ರಿಟೈರ್ ಆದವರು. ಗುಜರಿಯಲ್ಲಿ ಸಿಕ್ಕ ಹಳೆಯ ಸ್ಟೀಮ್ ಟ್ರಾಲಿಯೊಂದನ್ನು ಹಿತ್ತಲಿಗೆ ತಂದು ವರ್ಷಗಟ್ಟಲೆ ರಿಪೇರಿ ಮಾಡಿದರು. ಹಿಂದೆ ಹಳಿ ಸರಿಯಿದೆಯೇ ಎಂದು ನೋಡಲು ಹೋಗುವವರಿಗಾಗಿ ಮಾಡಿದ ಗಾಡಿಯಂತೆ. ನಾಲ್ಕು ಚಕ್ರ, ಮುಂದೊಂದು ಬೆಂಚು, ಹಿಂದೆ ಹಂಡೆಯಷ್ಟು ಬಾಯ್ಲರ್. ಕೈಯಿಂದ ತಳ್ಳುವ ಟ್ರಾಲಿಯನ್ನು ನೀವೂ ನೋಡಿರುತ್ತೀರಿ. ಇದು ಹೊಗೆ ಬಿಡುತ್ತಾ ತಾನೇ ಹೋಗುವಂಥದ್ದು. ಬಲು ಅಪರೂಪ.

ಓಡಿಸಲು ಹಳಿ ಎಲ್ಲಿದೆ? ಮುಚ್ಚಿದ ಮಿಲ್ಲೊಂದರ ಆವರಣದಲ್ಲಿ, ಹಿಂದೆ ಹತ್ತಿ ಬೇಲು ಸಾಗಿಸುತ್ತಿದ್ದ ತುಂಡು ಹಳಿಯಿತ್ತು. ಆ ಜಾಗ ಮಾರಾಟವಾಗಿ, ಸೋಮವಾರ ಹಳಿ ಕೀಳುವುದೆಂದಾಯಿತು. ಭಾನುವಾರ ಬಿಟ್ಟರೆ ದೊಡ್ಡಪ್ಪನ ಕನಸಿಗೆ ಇನ್ನೊಂದು ದಿನ ಇರಲಿಲ್ಲ.

ಟ್ರಾಲಿಯನ್ನು ಹಳಿಯ ಮೇಲಿಟ್ಟು ತೆಂಗಿನ ಕರಟ ಉರಿಸಿದರು. ಬಾಯ್ಲರ್ ಗುಡುಗುಡು ಅಂದಿತು, ನೊರೆ ಉಗುಳಿತು, ಸುಮ್ಮನಾಯಿತು. ಆರಿದ ಮೇಲೆ ಬಿಚ್ಚಿ ನೋಡಿದರೆ ಪೈಪಿನೊಳಗೆ ಸುಣ್ಣದಂಥ ಬಿಳಿ ಪದರ. ಇಷ್ಟು ದಿನವೂ ಸುರಿದದ್ದು ಬೋರ್‌ವೆಲ್ಲಿನ ಉಪ್ಪುನೀರು!

ಫಿಟರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಈ ಕಡೆಯ ಮನೆಗಳಲ್ಲಿ ನೀರು ಎರಡು ಬಗೆ. ತೊಳೆಯಲು, ಬಳಿಯಲು ಉಪ್ಪುನೀರು. ನಲ್ಲಿಯಲ್ಲಿ ಯಾವಾಗಲೋ ಬರುವ ಸಿಹಿನೀರು, ಇಲ್ಲಿನವರ ಬಾಯಲ್ಲಿ ‘ನಲ್ಲ ತಣ್ಣಿ’, ಕುಡಿಯಲು ಮತ್ತು ದೇವರಿಗೆ ಮಾತ್ರ. ಅದರಲ್ಲಿ ಕೈ ತೊಳೆದರೂ ದೊಡ್ಡಮ್ಮ ಬೈಯುತ್ತಾರೆ (ಮದುವೆಯಾದ ಹೊಸದರಲ್ಲೇ ನನಗೆ ಆಗಿದೆ). ಯಂತ್ರಕ್ಕೆ ಸುರಿಯುತ್ತೇನೆ ಎಂದು ಕೇಳುವ ಧೈರ್ಯ ಯಾರಿಗಿದೆ?

“ಕ್ಯಾನ್ ನೀರು ತರಿಸೋಣವಾ?” ಅಂದೆ.

“ಅದುವೂ ಕುಡಿಯೋ ನೀರ್ ತಾನೆ, ಕಣ್ಣು?” ದೊಡ್ಡಪ್ಪ ಪೈಪು ತಿಕ್ಕುತ್ತಾ ನಕ್ಕರು (ಅಕ್ಕರೆ ಬಂದರೆ ನನ್ನನ್ನು ಕರೆಯುವುದು ‘ಕಣ್ಣು’ ಎಂದೇ). “ಪರವಾಯಿಲ್ಲ, ಬಿಡು. ಕನಸಲ್ಲಿ ಎಷ್ಟೋ ಸಲ ಓಡ್ಸಿದೀನಿ.”

ನನಗೆ ಅಳುವೇ ಬಂತು. ಬೈಗುಳಕ್ಕೆ ಸಿದ್ಧಳಾಗಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅವರು ಫೋನ್ ಇಟ್ಟುಬಿಟ್ಟರು.

ಸ್ವಲ್ಪ ಹೊತ್ತಿಗೆ ಗೇಟಿನ ಮುಂದೆ ಆಟೋ. ಒಳಗೆ ದೊಡ್ಡಮ್ಮ, ಸುತ್ತಲೂ ಕೊಡಗಳು. ಮನೆಯ ನಲ್ಲ ತಣ್ಣಿಯೆಲ್ಲ ಬಂದಿತ್ತು!

“ಹುಯ್ರಿ! ನನ್ ಮುಖ ಏನ್ ನೋಡ್ತೀರಿ? ಅದುಕ್ಕೂ ದಾಹ ಆಗಲ್ವಾ?”

ಸಂಜೆಯ ಬಿಸಿಲಿನಲ್ಲಿ ಟ್ರಾಲಿ ಮೆಲ್ಲಗೆ ಹೊರಟಿತು. ಹಳಿಯನ್ನು ಹುಲ್ಲು ಮುಚ್ಚಿದ್ದರಿಂದ ನಾವು ಹುಲ್ಲಿನ ಮೇಲೆ ತೇಲುತ್ತಿದ್ದೆವು. ಕರಟದ ಹೊಗೆಯ ವಾಸನೆ, ಕೆನ್ನೆಗೆ ತಾಗುವ ಹಬೆ. ಮಿಲ್ಲಿನ ಗಾಜು ಒಡೆದ ಕಿಟಕಿಗಳು ಒಂದೊಂದಾಗಿ ಹಿಂದಕ್ಕೆ ಸರಿದವು, ಆಚೆಗೆ ನೀಲಿ ಬೆಟ್ಟ ನಮ್ಮ ಜೊತೆಗೇ ಬಂತು. ದೊಡ್ಡಮ್ಮ ಮಗ್ಗಕ್ಕೆ ಕೂರುವಾಗಿನ ಹಾಗೆ ಚಪ್ಪಲಿ ಬಿಟ್ಟು ಹತ್ತಿದ್ದರು. ದೊಡ್ಡಪ್ಪ ಒಂದು ಕೈಯಲ್ಲಿ ಲಿವರ್ ಹಿಡಿದು, ಇನ್ನೊಂದರಲ್ಲಿ ಕರಟ ಹಾಕುತ್ತಿದ್ದರು.

ಗೋಡೆ ಬಂತು, ನಿಂತೆವು. ಎಷ್ಟು ದೂರ? ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಹೋದಷ್ಟೂ ಇಲ್ಲ. ನನಗೆ ಮಾತ್ರ ಇನ್ನೂ ಇಳಿದ ಹಾಗೆಯೇ ಅನಿಸಿಲ್ಲ.

ದೊಡ್ಡಮ್ಮ ಖಾಲಿ ಕೊಡ ಎತ್ತಿಕೊಂಡು ಗಂಡನ ಕಡೆ ತಿರುಗಿದರು. “ಇಷ್ಟು ವರ್ಷದಲ್ಲಿ ಒಂದ್ ಸಲ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?”

(ಕೊಡುತ್ತಿದ್ದರೋ ಇಲ್ಲವೋ, ಆ ಮಾತು ಬೇರೆ.)

ನಿಮ್ಮ ಮನೆಯಲ್ಲಿ ಹೀಗೆ ಬೇಕಾದದ್ದನ್ನು ಕೇಳದೆಯೇ ಉಪ್ಪುನೀರು ಸುರಿದುಕೊಂಡು ಕೂತವರು ಯಾರು?