ಕಾಲಿನಲ್ಲಿ ಉಳಿದ ಲೋಹದ ಚೂರುಗಳು

ನಾನು ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಸೂಕ್ಷ್ಮಾಣು ತಜ್ಞೆ. ನಮ್ಮ ಕೆಲಸವೇ ಹಾಗೆ, ರೋಗಿಯ ಮುಖ ಕಾಣುವುದು ಅಪರೂಪ. ಅವನ ಗಾಯದ ಬ್ಯಾಕ್ಟೀರಿಯಾ ಮಾತ್ರ ಪ್ರಯೋಗಾಲಯದ ತಟ್ಟೆಯ ಮೇಲೆ ಬೆಳೆದು ನಮ್ಮೆದುರು ಕೂರುತ್ತದೆ. ಆ ವಸಂತದಲ್ಲಿ ಬಂದದ್ದು ಮಹಾ ಹಟಮಾರಿ. ಯುದ್ಧದ ಊರಿನಿಂದ ಹೆಂಡತಿಯೊಡನೆ ಪಾರಾಗಿ ಬಂದವನೊಬ್ಬನ ಮೊಣಕಾಲ ಕೆಳಗಿನ ಗಾಯದ್ದು. ಯಾವ ಆಂಟಿಬಯೋಟಿಕ್‌ಗೂ ಜಪ್ಪಯ್ಯ ಅನ್ನಲಿಲ್ಲ. ಗುರುವಾರ ಕಾಲು ಕತ್ತರಿಸುವುದೆಂದು ನಿರ್ಧಾರವಾಗಿತ್ತು.

ಎಕ್ಸ್‌ರೇ ತೆರೆದು ನೋಡಿದೆ. ಮಾಂಸದೊಳಗೆ ಸಿಡಿಗುಂಡಿನ ಚೂರುಗಳು ಹಾಗೇ ಇದ್ದವು! ತೊಂದರೆ ಕೊಡದ ಚೂರನ್ನು ಕೆದಕಬಾರದು ಎಂಬುದು ಶಸ್ತ್ರವೈದ್ಯರ ವಾಡಿಕೆ. ಆದರೆ ಬಾಂಬು ಬಿದ್ದ ಮಣ್ಣಿನಲ್ಲಿ ಸೀಸ, ತಾಮ್ರ, ಸತು ಬೆರೆತಿರುತ್ತವೆ. ಅಲ್ಲಿ ಬದುಕಬೇಕಾದರೆ ಬ್ಯಾಕ್ಟೀರಿಯಾ ಲೋಹವನ್ನು ಮೈಯಿಂದ ಹೊರಗೆ ತಳ್ಳಲು ಕಲಿಯಬೇಕು. ಅದೇ ವಿದ್ಯೆಯಿಂದ ಎಷ್ಟೋ ಸಲ ಔಷಧವನ್ನೂ ತಳ್ಳಿಬಿಡುತ್ತದೆ. ಲೋಹ ಪಕ್ಕದಲ್ಲಿರುವ ತನಕ ಆ ವಿದ್ಯೆಯನ್ನು ಬಿಡುವುದೂ ಇಲ್ಲ. ಇವನ ಬ್ಯಾಕ್ಟೀರಿಯಾವನ್ನು ತಾಮ್ರ ಬೆರೆಸಿದ ತಟ್ಟೆಯಲ್ಲಿ ಹಾಕಿದೆ. ಮಾವನ ಮನೆಗೆ ಬಂದ ಅಳಿಯನ ಹಾಗೆ ಸೊಂಪಾಗಿ ಬೆಳೆಯಿತು.

ಕಾಲು ಕತ್ತರಿಸಬೇಕಿದ್ದ ಶಸ್ತ್ರವೈದ್ಯರು ಮೈಸೂರಿನವರು. ಭಾನುವಾರ ಡಿಡ್ಸ್‌ಬರಿ ಬಡಾವಣೆಯಲ್ಲಿ ಕನ್ನಡಿಗರ ಯುಗಾದಿ ಊಟಕ್ಕೆ ಸಿಕ್ಕರು. ನಾನು ಧಾರವಾಡದವಳು, ನಾಲ್ಕು ಕಡೆಯವರು ಸೇರಿದಾಗ ನಾವೆಲ್ಲ ಬೆಂಗಳೂರಿನ ನಯವಾದ ಕನ್ನಡಕ್ಕೆ ಇಳಿಯುತ್ತೇವೆ. ಆ ನಯದಲ್ಲೇ, ಸಾಧ್ಯವಾದರೆ ಚೂರುಗಳ ಬಗ್ಗೆ ಸ್ವಲ್ಪ ಯೋಚಿಸಿ ಎಂದೆ. ನೋಡೋಣ ಎಂದು ಅವರು ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡರು. ಮಾತು ಅಲ್ಲಿಗೇ ಮುಗಿಯಿತು. ಟ್ರಾಮಿನಲ್ಲಿ ಮನೆಗೆ ಹೋಗುವಾಗ ನನ್ನ ನಯದ ಮೇಲೆ ನನಗೇ ಉರಿದುಹೋಯಿತು.

ಸೋಮವಾರ ಬೆಳಿಗ್ಗೆ ಅವರಿಗೆ ಫೋನು ಹಚ್ಚಿದೆ. ಆಪರೇಷನ್ ಪಟ್ಟಿಯಲ್ಲಿ ಬದಲಾವಣೆ ಇಲ್ಲ ಎಂದರು. ಸಿಟ್ಟು ನೆತ್ತಿಗೇರಿತು, ಬಾಯಿಗೆ ಧಾರವಾಡ ಬಂತು.

"ಆ ಲೋಹ ಒಳಗ ಇರೂತನಕಾ ಯಾ ಔಷಧಾನೂ ನಾಟೂದಿಲ್ರೀ. ಮೊದಲ ಅದನ್ನ ತಗೀರಿ. ಆಮ್ಯಾಲೆ ಕಾಲಿನ ಮಾತಾಡೂಣು."

ನಾನು ಹೀಗೆ ಮಾತಾಡಿದ್ದನ್ನು ಅವರು ಕೇಳಿಯೇ ಇರಲಿಲ್ಲ.

"ಇಷ್ಟು ಸೀರಿಯಸ್ ಅಂತ ನಿನ್ನೆಯೇ ಹೇಳಬಾರದಿತ್ತಾ ಮೇಡಂ? ತೆಗೀತೀನಿ. ಆದರೆ ಸೋಂಕು ಇಳಿಯದಿದ್ದರೆ ಕಾಲು ಹೋಗುತ್ತೆ, ನೆನಪಿರಲಿ."

ಮರುದಿನವೇ ಚೂರುಗಳನ್ನೂ ಸುತ್ತಲಿನ ಸತ್ತ ಮಾಂಸವನ್ನೂ ತೆಗೆದರು. ತಟ್ಟೆಯಲ್ಲಿ ತುಸುವಾದರೂ ಬಗ್ಗಿದ್ದು ಎರಡು ಹಳೆಯ ಔಷಧಗಳು ಕೂಡಿದಾಗ ಮಾತ್ರ; ಅವನ್ನೇ ಶುರುಮಾಡಿಸಿದೆ. ಗುರುವಾರದ ಆಪರೇಷನ್ ಮುಂದಕ್ಕೆ ಹೋಯಿತು. ಅಲ್ಲಿಂದ ಮುಂದೆ ನನಗೆ ಅನ್ನ ರುಚಿಸಲಿಲ್ಲ. ನಾನು ತಪ್ಪಿದ್ದರೆ ಸೋಂಕು ಮೇಲೇರಿ ಮೊಣಕಾಲೂ ಉಳಿಯುತ್ತಿರಲಿಲ್ಲ, ಬಹುಶಃ ಅವನೂ.

ಕೊನೆಗೆ ಜ್ವರ ಇಳಿಯಿತು. ಆಪರೇಷನ್ ರದ್ದು ಎಂದು ಶಸ್ತ್ರವೈದ್ಯರ ಫೋನು ಬಂತು. ತಡೆಯಲಾಗದೆ ವಾರ್ಡಿಗೆ ಹೋದೆ. ಮುಖ ನೋಡುವ ಮೊದಲು ಹೊದಿಕೆಯ ತುದಿ ನೋಡಿದೆ. ಎರಡು ಪಾದ. ಜೀವ ಬಂದ ಹಾಗಾಯಿತು. ನಾನು ಯಾರೆಂದು ಗಂಡ ಹೆಂಡತಿಗೆ ಗೊತ್ತಿಲ್ಲ, ನರ್ಸ್ ಅಂದುಕೊಂಡಿರಬೇಕು. ಅವನು ಏನೋ ಗೊಣಗಿದ. ಹೆಂಡತಿ ಸಂಕೋಚದಿಂದ, ತುಂಡು ಇಂಗ್ಲಿಷಿನಲ್ಲಿ, ಅವನ ಕಾಲಿಗೆ ಚಳಿಯಾಗುತ್ತಿದೆಯಂತೆ ಎಂದಳು.

ಯಾವ ಕಾಲು ಎಂದು ಕೇಳಿದೆ. ಎರಡೂ, ಎಂದಳು.

ಕಪಾಟಿನಿಂದ ಕಾಲುಚೀಲ ತಂದು ನಾನೇ ಹಾಕಿದೆ, ಒಂದಾದ ಮೇಲೆ ಇನ್ನೊಂದು.