ಅಕ್ಕ ಒದೆಯದ ಬೆನ್ನು

ನಾನು ಚಿಕ್ಕವನಿದ್ದಾಗ, ಅಂದರೆ ನನ್ನ ಮೀಸೆ ನನ್ನೊಬ್ಬನಿಗೇ ಕಾಣುತ್ತಿದ್ದ ತೊಂಬತ್ತರ ದಶಕದ ಶುರುವಿನಲ್ಲಿ, ದೊಡ್ಡನೆಕ್ಕುಂದಿಯಲ್ಲಿ ನಮ್ಮ ಅಕ್ಕನ ಬಲಗಾಲಿಗಿದ್ದ ಮರ್ಯಾದೆ ಪಂಚಾಯಿತಿ ಅಧ್ಯಕ್ಷರ ತಲೆಗೂ ಇರಲಿಲ್ಲ. ಅಕ್ಕ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಬೆನ್ನಿಗೆ ಒದ್ದರೆ ಉಳುಕು ಬಿಡುತ್ತದೆ ಎಂದು ಊರಿನ ನಂಬಿಕೆ. ಭಾನುವಾರ ಬೆಳಗಾದರೆ ನಮ್ಮ ಜಗಲಿಯ ಮೇಲೆ ದೊಡ್ಡದೊಡ್ಡ ಮನುಷ್ಯರು ಬೋರಲು ಮಲಗಿ ಕಾಯುತ್ತಿದ್ದರು. ನನ್ನ ಲೆಕ್ಕದ ಮೇಷ್ಟ್ರು ಒದೆಸಿಕೊಂಡು ಹೋದ ದಿನ ನಾನು ಅಕ್ಕನ ಕಾಲಿಗೆ ನಮಸ್ಕಾರ ಮಾಡಿದ್ದೆ.

ಆ ವರ್ಷ ನನ್ನ ಬೆನ್ನೇ ಕೈಕೊಟ್ಟಿತು. ರಾಗಿ ಮೂಟೆ ಎತ್ತಿ ಉಳುಕಿದೆ ಎಂದು ಎಲ್ಲರಿಗೂ ಹೇಳಿದೆ. ಎತ್ತಿದ್ದು ಅರ್ಧ ಮೂಟೆ. ಹೇಳುತ್ತಾ ಹೇಳುತ್ತಾ ಅದು ಎರಡು ಮೂಟೆಯಾಯಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ನಡುಬೆನ್ನಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಒಂದು ಭಾನುವಾರ ಬಚ್ಚಲಿಗೆ ಹೋಗುವಾಗ ಕಾಲುಗಳು ಯಾರವೋ ಎನ್ನುವಂತೆ ಮಡಚಿಕೊಂಡವು.

ಅಜ್ಜಿ ನನ್ನನ್ನು ಜಗಲಿಯ ಮೇಲೆ ಬೋರಲು ಹಾಕಿಸಿ, ಬೆನ್ನಿಗೆ ಬಿಸಿ ಹರಳೆಣ್ಣೆ ಸುರಿದರು. ಹಂಡೆಯೊಲೆಯ ಹೊಗೆಯಲ್ಲಿ ಅರ್ಧ ಊರು ನೋಡಲು ನಿಂತಿತ್ತು. ಅಕ್ಕ ಬಂದು ಕಾಲೆತ್ತಿದಳು. ಹೆಬ್ಬೆರಳು ಗಂಟಿಗೆ ತಾಗಿತು. ತಕ್ಷಣ ಕಾಲು ಕೆಳಗಿಟ್ಟು, ಒದೆಯಲ್ಲ ಎಂದಳು.

"ಊರ್‌ನೋರ್‌ನೆಲ್ಲಾ ಒದ್ದೆ. ಒಡುಟ್ಟಿದೋನ್ನ ಒದೆಯಕ್ಕೆ ನಿಂಗೇನೇ ದಾಡಿ?" ಎಂದರು ಅಜ್ಜಿ.

"ಇದು ಉಳುಕಲ್ಲ ಕಣಜ್ಜಿ. ಗಂಟು ಸುಡ್ತಾ ಐತೆ, ಕಾಲಲ್ಲಿ ಬಲ ಇಲ್ಲ. ಏನಂತ ನಂಗೊತ್ತಿಲ್ಲ. ಆದ್ರೆ ಒದೆಯಲ್ಲ, ಬೇರೆ ಯಾರಿಗೂ ಒದೆಯಕ್ಕೆ ಬಿಡೋದೂ ಇಲ್ಲ."

ಆಸ್ಪತ್ರೆಗೆ ಹೋದರೆ ಬೆನ್ನು ಕುಯ್ಯುತ್ತಾರೆ, ಬೆನ್ನು ಕುಯ್ಸಿಕೊಂಡವನು ಮಂಚದ ಮೇಲೇ ವಾಪಸ್ ಬರೋದು ಎಂದು ನೆರೆಯವರು ಹೆದರಿಸಿದರು. ಅಕ್ಕ ಕೇಳಲಿಲ್ಲ. ತರಕಾರಿ ಟೆಂಪೊದಲ್ಲಿ ಹಲಗೆ ಹಾಕಿ, ಪುದೀನ ಕಟ್ಟುಗಳ ನಡುವೆ ನನ್ನನ್ನು ಮಲಗಿಸಿದಳು. ಅಪ್ಪ ಬೈಯುತ್ತಾ ಬೈಯುತ್ತಾ ಪಕ್ಕದಲ್ಲೇ ಕೂತರು. ಆ ರಸ್ತೆಯ ಗುಂಡಿಗಳಲ್ಲಿ ಎಮ್ಮೆ ಈಜುತ್ತಿದ್ದವು. ಒಂದೊಂದು ಗುಂಡಿಗೂ ನನ್ನ ಜೀವ ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕ್ಷಯದ ರೋಗಾಣು ಬೆನ್ನುಮೂಳೆ ತಿಂದಿದೆ, ಕೀವು ತುಂಬಿ ನರವನ್ನು ಒತ್ತುತ್ತಿದೆ, ಯಾರಾದರೂ ಒದ್ದಿದ್ದರೆ ಮೂಳೆ ಕುಸಿಯುತ್ತಿತ್ತು ಎಂದರು. ಕ್ಷಯ ಅಂದರೆ ಕೆಮ್ಮು ಎಂದಷ್ಟೇ ನಮಗೆ ಗೊತ್ತಿದ್ದದ್ದು. ಪಕ್ಕೆ ಕುಯ್ದು ಕೀವು ತೆಗೆದು, ಕೊಳೆತ ಮೂಳೆ ಕೆರೆದು, ಆ ಜಾಗಕ್ಕೆ ಪಕ್ಕೆಲುಬಿನ ಚೂರು ಕೂರಿಸಬೇಕಿತ್ತು. ಕಾಲು ಬಂದೇ ಬರುತ್ತದೆಂದು ಭಾಷೆ ಕೊಡಲಾರೆ, ತಡ ಮಾಡಿದರೆ ಹೋಗುವುದಂತೂ ಖಂಡಿತ ಎಂದರು. ಅಪ್ಪನ ಬಾಯಿ ಒಣಗಿತು. ನನ್ನದೂ ಒಣಗಿತ್ತು, ಆದರೆ ಪಕ್ಕದಲ್ಲಿ ಚೆಂದದ ನರ್ಸಮ್ಮ ನಿಂತಿದ್ದರು.

"ಕುಯ್ರಿ ಸಾರ್. ಪಕ್ಕೆಲುಬು ಬೇಕಾದ್ರೆ ಎರಡು ತಗೊಳ್ಳಿ" ಎಂದೆ.

ಆಪರೇಷನ್ ಮುಗಿದು ಎಚ್ಚರವಾದಾಗ ಅಕ್ಕ ನನ್ನ ಕಾಲ ಬಳಿ ನಿಂತಿದ್ದಳು. ಹೆಬ್ಬೆರಳು ಆಡಿಸು ಎಂದಳು. ಆಡಲಿಲ್ಲ. ಸಂಜೆಯೂ ಆಡಲಿಲ್ಲ. ಅಕ್ಕ ಊಟ ಬಿಟ್ಟು ಅಲ್ಲೇ ನಿಂತಳು. ಮಾರನೇ ಬೆಳಿಗ್ಗೆ ಅದು ಸಣ್ಣ ಇಲಿಮರಿಯಂತೆ ಮಿಸುಕಿತು. ಅಕ್ಕ ಆ ಬೆರಳನ್ನು ಹಿಡಿದುಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ತಿಂಗಳುಗಟ್ಟಲೆ ಮಾತ್ರೆ ನುಂಗಿದೆ, ಮಲಗಿದೆ, ಗೋಡೆ ಹಿಡಿದು ನಡೆದೆ. ಮನೆಗೆ ಹೊರಟ ದಿನ ಟೆಂಪೊವನ್ನು ಊರಬಾಗಿಲಲ್ಲೇ ನಿಲ್ಲಿಸಲು ಹೇಳಿದೆ. ಬೆನ್ನಿಗೆ ಬಿಗಿದ ಪಟ್ಟಿಯಲ್ಲಿ ಪೆರೇಡಿನ ಪೊಲೀಸಿನವನಂತೆ ಸೆಟೆದು, ಮಂಚದ ಮಾತಾಡಿದ್ದವರ ಮನೆ ಮುಂದೆಲ್ಲ ನಡೆದೆ. ಒಬ್ಬರ ಮುಂದೆ ಎರಡು ಸಲ.

ಆ ಜಗಲಿಯ ಜಾಗದಲ್ಲಿ ಈಗ ನಾಲ್ಕು ಮಹಡಿ, ತುಂಬಾ ಬಾಡಿಗೆಯವರು. ಅವರಿಗೆ ಬೆನ್ನು ನೋವಾದರೆ ಫೋನಿನಲ್ಲೇ ಡಾಕ್ಟರು ಸಿಗುತ್ತಾರೆ. ಮಕ್ಕಳೇ, ನೀವೆಲ್ಲ ಆಪರೇಷನ್‌ನಲ್ಲಿ ಹುಟ್ಟಿದವರು. ಕಾಲು ಮೊದಲೋ ತಲೆ ಮೊದಲೋ ಎಂದು ಕೇಳುವವರೇ ಇಲ್ಲ, ಯಾರನ್ನೂ ಒದೆಯುವ ಹಕ್ಕೂ ನಿಮಗಿಲ್ಲ. ನನ್ನಕ್ಕ, ನಿಮ್ಮ ದೊಡ್ಡತ್ತೆ, ಆ ಭಾನುವಾರದಿಂದ ಜಗಲಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳತೊಡಗಿದಳು: "ಮೊದ್ಲು ಎಕ್ಸ್‌ರೇ ತೆಗೆಸ್ಕೊಂಡ್ ಬನ್ನಿ, ಆಮೇಲೆ ಒದೀತೀನಿ." ಯಾರೂ ವಾಪಸ್ ಬರಲಿಲ್ಲ.

ಫೋನ್ ನೋಡುತ್ತಾ ಗೂನು ಬಿದ್ದು ಕೂತವರ ಹತ್ತಿರ ಮಾತ್ರ ಅವಳು ಎಕ್ಸ್‌ರೇ ಕೇಳುವುದಿಲ್ಲ. ಅಗೋ, ಗೇಟಿನ ಸದ್ದಾಯಿತು. ನೆಟ್ಟಗೆ ಕೂತುಕೊಳ್ಳಿ.